ನಿಮಗಿದು ಗೊತ್ತೆ? ಸಲ್ಕಣಿಯ ಜನ ಮರ ಅಪ್ಪಿ ನಿಂತ ದಿನ

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಲ್ಕಣಿ ಸುತ್ತಲಿನ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯಿಂದ ಸ್ಫೂರ್ತಿ ಪಡೆದ 'ಅಪ್ಪಿಕೋ' ಹುಟ್ಟಿದ್ದು ಹೀಗೆ. ಕಾರ್ಯಕರ್ತ ಪಾಂಡುರಂಗ ಹೆಗಡೆ ಇದರ ಮುಂಚೂಣಿಯಲ್ಲಿದ್ದರು.

ಈ ಹಳ್ಳಿಗಳ ಅಡಿಕೆ ಬೆಳೆಗಾರರಿಗೆ ಕಾಡಿನ ಚಿಂತೆ ಏಕೆ? ತೋಟದ ಬದುಕು ನಿಂತಿರುವುದೇ ಸೊಪ್ಪು ಒದಗಿಸುವ ಕಾಡಿನ, ಅಂದರೆ 'ಸೊಪ್ಪಿನ ಬೆಟ್ಟ'ದ ಮೇಲೆ. ಅಲ್ಲಿಂದ ತಂದ ಹಸಿಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿಯೊಂದಿಗೆ ಬೆರೆತು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ತೋಟಕ್ಕೆ ಹರಿಯುವ ನೀರೂ ಕಾಡಿನದೇ. ಪ್ಲೈವುಡ್ ಕಾರ್ಖಾನೆಗಳಿಗಾಗಿ ಮರ ಕಡಿಯುವುದು, ಸಹಜ ಕಾಡು ಸವರಿ ಸಾಗುವಾನಿ ನೆಡುವುದು ಇವೆಲ್ಲ ನೇರವಾಗಿ ಮನೆಯ ಅನ್ನಕ್ಕೇ ಕಲ್ಲು ಹಾಕುವ ಕೆಲಸವೆಂದು ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು.

ಕಳಸೆಯಲ್ಲಿ ಜನ 38 ದಿನ ಪಟ್ಟು ಬಿಡಲಿಲ್ಲ. ಕೊನೆಗೆ ಮರ ಕಡಿಯುವ ಆದೇಶವನ್ನು ಹಿಂಪಡೆಯಲಾಯಿತು. 'ಉಳಿಸು, ಬೆಳೆಸು, ಬಳಸು' ಎಂಬುದು ಅವರ ಘೋಷಣೆ. ಮರ ಅಪ್ಪಿದ್ದಕ್ಕೇ ಹೆಸರಾದರೂ, ಬೋಳುಬೆಟ್ಟಗಳಲ್ಲಿ ಸ್ಥಳೀಯ ಜಾತಿಯ ಸಸಿ ನೆಟ್ಟು ಬೆಳೆಸಿದ್ದೂ, ಸೌದೆ ಉಳಿಸುವ ಒಲೆಗಳನ್ನು ಊರೂರಿಗೆ ಮುಟ್ಟಿಸಿದ್ದೂ ಇದೇ ಚಳವಳಿ.