ಕಂಪ್ಯೂಟರ್ ಏಕೆ ಸುಮ್ಮನೆ ನಿಂತಿತು?

ಮಕ್ಕಳೇ, ನಿಮ್ಮ ಹೆಸರು, ಪಾಸ್‌ವರ್ಡ್ ಒತ್ತಿದಿರಿ. ಪರದೆ ಹಾಗೆಯೇ ನಿಂತುಬಿಟ್ಟಿತು. ಕಂಪ್ಯೂಟರ್ ಕೆಟ್ಟಿತೇ? ಅವಸರ ಬೇಡ.

ಜಾಲಕ್ಕೆ ಸೇರಿದ ಕಂಪ್ಯೂಟರ್ ನಿಮ್ಮ ಹೆಸರನ್ನು ಸರ್ವರ್ ಎಂಬ ಮುಖ್ಯ ಕಂಪ್ಯೂಟರಿಗೆ ಕಳುಹಿಸಿ ಒಪ್ಪಿಗೆ ಕೇಳುತ್ತದೆ. ಉತ್ತರ ಬಾರದಿದ್ದರೆ ಕಾಯುತ್ತಾ ನಿಲ್ಲುತ್ತದೆ.

ದೂರವೇ ಇದಕ್ಕೆ ಕಾರಣವೇ? ಸರ್ವರ್ ಬಳ್ಳಾರಿಯಲ್ಲಿದೆ ಎಂದುಕೊಳ್ಳಿ. ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಹತ್ತಿರದ ಕುರುಗೋಡಿರಲಿ, ದೂರದ ಸಿರುಗುಪ್ಪವಿರಲಿ, ಹೋಗಿ ಬರಲು ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು! ಹಾಗಾದರೆ ದೋಷ ಎಲ್ಲಿದೆ? ಹುಡುಕೋಣ.

1. ಐದು ನಿಮಿಷ ಕಾಯಿರಿ.

2. ಅಕ್ಕಪಕ್ಕದ ಕಂಪ್ಯೂಟರ್ ನೋಡಿ. ಎಲ್ಲವೂ ನಿಂತಿದ್ದರೆ ದೋಷ ಸರ್ವರಿನಲ್ಲೋ ದಾರಿಯಲ್ಲೋ ಇರಬಹುದು.

3. ಒಂದೇ ನಿಂತಿದ್ದರೆ ಶಿಕ್ಷಕರೊಂದಿಗೆ ಅದರ ಜಾಲದ ತಂತಿ ಪರೀಕ್ಷಿಸಿ. ಸಡಿಲವಿದ್ದರೆ 'ಟಕ್' ಎನ್ನುವಂತೆ ಒಳಗೆ ಒತ್ತಿ.

4. ಆಗಲೂ ಆಗದಿದ್ದರೆ ಪಕ್ಕದ ಕಂಪ್ಯೂಟರಿನ ತಂತಿ ಹಾಕಿ ನೋಡಿ. ಈಗ ತೆರೆಯಿತೇ? ಹಾಗಾದರೆ ಹಳೆಯ ತಂತಿಯದೇ ತಪ್ಪಿರಬಹುದು.

ಥಟ್ಟನೆ ವಿದ್ಯುತ್ ಮಾತ್ರ ತೆಗೆಯಬೇಡಿ. ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತು, ನಿಮ್ಮ ಗೆಳೆಯರ ಕೆಲಸವೂ ಹಾಳಾದೀತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿದೆವು. ಎರಡನ್ನು ಒಟ್ಟಿಗೆ ಬದಲಿಸಿದ್ದರೆ ತಪ್ಪು ಯಾವುದರದೆಂದು ತಿಳಿಯುತ್ತಿತ್ತೇ? ಯೋಚಿಸಿ.