ಹಳೇ ವಿಮಾನಕ್ಕೊಂದು ಪೀಪಿ ಬೇಕು

ಬಳ್ಳಾರಿ ನಾಟಕದ ಊರು. ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಬಯಲಾಟವಿರಲಿ, ಗುಡಿಯ ಭಜನೆಯಿರಲಿ, ಹಾರ್ಮೋನಿಯಂ ಇಲ್ಲದೆ ಹಾಡು ರಂಗೇರುವುದಿಲ್ಲ. ಆ ಪೆಟ್ಟಿಗೆಯ ಒಂದು ಸ್ವರ ಕೆಟ್ಟರೆ ರಿಪೇರಿ ಮಾಡುವವರು ಹಲಗೆ ಬಿಚ್ಚಿ, ಹಿತ್ತಾಳೆಯ ರೀಡನ್ನು ಮೆಲ್ಲಗೆ ಕೆರೆದು ಶ್ರುತಿಗೆ ತರುತ್ತಾರೆ. ತೀರಾ ಹಾಳಾಗಿದ್ದರೆ ಬೇರೊಂದು ರೀಡ್ ಕೂರಿಸುತ್ತಾರೆ. ರಾತ್ರಿಯ ಆಟಕ್ಕೆ ಪೆಟ್ಟಿಗೆ ಸಿದ್ಧ.

ಸೆಸ್ನಾ 152, ಸೆಸ್ನಾ 172ರಂಥ ಪುಟ್ಟ ವಿಮಾನಗಳ ಒಳಗೂ ಹೀಗೆಯೇ ಗಾಳಿಗೆ ನುಡಿಯುವ ಒಂದು ರೀಡ್ ಇದೆ. ಅದು ಕೆಟ್ಟರೆ ಮಾತ್ರ ಕತೆಯೇ ಬೇರೆ. ಅದು ನುಡಿಯುವುದು ವಿಮಾನ ಬೀಳುವ ಅಪಾಯದ ಹೊಸ್ತಿಲಿಗೆ ಬಂದಾಗ.

ಆ ಅಪಾಯದ ಹೆಸರು ಸ್ಟಾಲ್. ಇಲ್ಲಿ ಎಂಜಿನ್ ನಿಂತುಹೋಗುವುದಿಲ್ಲ, ರೆಕ್ಕೆ ಸೋಲುತ್ತದೆ. ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡಂತೆ ಗಾಳಿ ಹರಿಯುತ್ತಿರುವವರೆಗೆ ವಿಮಾನವನ್ನು ಎತ್ತಿಹಿಡಿಯುವ ಬಲ ಇರುತ್ತದೆ. ಪೈಲಟ್ ಮೂತಿಯನ್ನು ಎತ್ತುತ್ತಾ ಹೋದಂತೆ, ಎದುರುಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನವೂ ಹೆಚ್ಚುತ್ತದೆ. ಸಾಮಾನ್ಯವಾಗಿ ಸುಮಾರು 15ರಿಂದ 18 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯನ್ನು ಬಿಟ್ಟು ಸುಳಿಸುಳಿಯಾಗಿ ಚದುರುತ್ತದೆ. ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಸಾಕಷ್ಟು ಎತ್ತರದಲ್ಲಿದ್ದರೆ ಮೂತಿ ತಗ್ಗಿಸಿ ಸುಧಾರಿಸಿಕೊಳ್ಳಬಹುದು. ನೆಲ ಹತ್ತಿರವಿದ್ದರೆ ಅದಕ್ಕೆ ವೇಳೆಯೇ ಸಿಗುವುದಿಲ್ಲ.

ಅದಕ್ಕಾಗಿಯೇ ಆ ರೀಡ್. ಸೆಸ್ನಾದ ಎಡ ರೆಕ್ಕೆಯ ಮುಂಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಕೋನ ಹೆಚ್ಚಿದಾಗ ಆ ಕಿಂಡಿಯ ಬಾಯಲ್ಲಿ ಗಾಳಿಯ ಒತ್ತಡ ಇಳಿದು, ಒಳಗಿನ ಗಾಳಿಯನ್ನು ಹೊರಕ್ಕೆ ಹೀರತೊಡಗುತ್ತದೆ. ಆ ಸೆಳೆತಕ್ಕೆ ಪೈಲಟ್‌ನ ತಲೆಯ ಬಳಿಯಿರುವ ರೀಡ್ ಪೀಪಿಯಂತೆ ಕೂಗುತ್ತದೆ. ಸ್ಟಾಲ್ ಆಗುವ ವೇಗಕ್ಕಿಂತ ಸುಮಾರು 5ರಿಂದ 10 ನಾಟ್, ಅಂದರೆ ಗಂಟೆಗೆ 9ರಿಂದ 18 ಕಿ.ಮೀ. ಮೊದಲೇ ಈ ಕೂಗು ಕೇಳಬೇಕು. ಇದಕ್ಕೆ ಬ್ಯಾಟರಿ ಬೇಡ, ವೈರಿಂಗ್ ಬೇಡ. ಪರೀಕ್ಷೆಯೂ ಅಷ್ಟೇ ಸರಳ: ಹಾರುವ ಮೊದಲು ಕಿಂಡಿಗೆ ಶುಭ್ರವಾದ ಕರವಸ್ತ್ರ ಹಿಡಿದು ಬಾಯಿಂದ ಗಾಳಿ ಎಳೆದರೆ ಪೀಪಿ ನುಡಿಯಬೇಕು. ಸೆಸ್ನಾದ ಕೈಪಿಡಿಯೇ ಹೇಳಿಕೊಡುವ ಕ್ರಮವಿದು.

ಇನ್ನೊಂದು ಬಗೆಯ ಸಾಧನವನ್ನು ರೂಢಿಗೆ ತಂದವರು ಅಮೆರಿಕದ ಲಿಯೊನಾರ್ಡ್ ಗ್ರೀನ್. 1946ರಲ್ಲಿ ಅವರು ಕಟ್ಟಿದ ಸೇಫ್ ಫ್ಲೈಟ್ ಕಂಪನಿಯ ಈ ಸಾಧನದಲ್ಲಿ ರೆಕ್ಕೆಯ ಮುಂಅಂಚಿನಿಂದ ಒಂದು ಸಣ್ಣ ಲೋಹದ ನಾಲಿಗೆ ಹೊರಚಾಚಿರುತ್ತದೆ. ರೆಕ್ಕೆಗೆ ಬಡಿದ ಗಾಳಿ ಮೇಲೊಂದು ಕೆಳಗೊಂದು ಕವಲಾಗಿ ಒಡೆಯುತ್ತದೆಯಲ್ಲ, ಮೂತಿ ಏರಿದಂತೆ ಆ ಒಡೆಯುವ ಜಾಗ ಕೆಳಕ್ಕೆ ಜರುಗುತ್ತದೆ. ಅಲ್ಲಿಯವರೆಗೆ ನಾಲಿಗೆಯನ್ನು ಕೆಳಕ್ಕೆ ಒತ್ತುತ್ತಿದ್ದ ಗಾಳಿ ಈಗ ಮೇಲಕ್ಕೆತ್ತುತ್ತದೆ. ಹಿಂದಿರುವ ಮೈಕ್ರೋಸ್ವಿಚ್ ಕೂಡಿಕೊಂಡು ಹಾರ್ನ್ ಕೂಗುತ್ತದೆ, ಇಲ್ಲವೇ ಕೆಂಪು ದೀಪ ಹೊತ್ತುತ್ತದೆ.

ಹಳೆಯ ವಿಮಾನಗಳಲ್ಲಿ ಇವು ಕೈಕೊಡಲು ಕಾರಣಗಳು ಹಲವು. ಸ್ವಿಚ್ಚಿನ ಒಳಗೆ ತುಕ್ಕು ಹಿಡಿಯುತ್ತದೆ. ವಿಮಾನ ತೊಳೆಯುವವರ ಕೈ ತಾಗಿ ನಾಲಿಗೆ ಬಾಗುತ್ತದೆ. ಕಿಂಡಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಬಳ್ಳಾರಿಯಂಥ ಕಡುಬಿಸಿಲಿನ ಸೀಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳು ಪೆಡಸಾಗಿ ಬಿರುಕು ಬಿಡುತ್ತವೆ, ಧೂಳು ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ.

ಬದಲಿ ಭಾಗದ ಹುಡುಕಾಟ ಶುರುವಾಗುವುದು ಇಲ್ಲಿಂದ. ಸೆಸ್ನಾ 152ರ ತಯಾರಿಕೆ ನಿಂತದ್ದು 1980ರ ದಶಕದ ನಡುವೆ. ವಿಮಾನಗಳು ಮಾತ್ರ ಇಂದಿಗೂ ತರಬೇತಿ ಶಾಲೆಗಳಲ್ಲಿ ಹಾರುತ್ತಿವೆ. ಮೊದಲ ಕೆಲಸ, ಆ ವಿಮಾನದ ಸೀರಿಯಲ್ ನಂಬರಿಗೆ ಹೊಂದುವ ಪಾರ್ಟ್ ನಂಬರನ್ನು ಕಂಪನಿಯ ಕ್ಯಾಟಲಾಗಿನಲ್ಲಿ ಪತ್ತೆಹಚ್ಚುವುದು. ಸ್ವಿಚ್ ಬಗೆಯ ಸಾಧನವಾದರೆ, ನೋಡಲು ಅವಳಿಜವಳಿಯಂತಿರುವ ಎರಡು ಹಾರ್ನ್‌ಗಳಲ್ಲಿ ಒಂದು 14 ವೋಲ್ಟಿನದು, ಇನ್ನೊಂದು 28 ವೋಲ್ಟಿನದು ಇರಬಹುದು. ಕಂಪನಿಯಲ್ಲಿ ದಾಸ್ತಾನು ಮುಗಿದಿದ್ದರೆ, ಹಳೆಯ ವಿಮಾನ ಬಿಚ್ಚಿ ಬಿಡಿಭಾಗ ಮಾರುವ ಅಮೆರಿಕದ ಗುಜರಿ ಅಂಗಳಗಳೇ ಗತಿ. ಅಲ್ಲಿ ಸಿಕ್ಕ ಭಾಗವನ್ನೂ ನೇರವಾಗಿ ಹಾಕುವಂತಿಲ್ಲ. ಮಾನ್ಯತೆ ಪಡೆದ ವರ್ಕ್‌ಶಾಪ್ ಅದನ್ನು ಪರೀಕ್ಷಿಸಿ ರಿಲೀಸ್ ಸರ್ಟಿಫಿಕೇಟ್ ಕೊಡಬೇಕು.

ವಿಮಾನದ ಲೋಕದಲ್ಲಿ ವಸ್ತುವಿನಷ್ಟೇ ತೂಕ ಅದರ ಕಾಗದಕ್ಕೂ ಇದೆ. ಭಾರತದಲ್ಲಿ ಅದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಸಿಎ ಫಾರಂ 1, ಅಮೆರಿಕದಲ್ಲಿ ಫಾರಂ 8130-3. ಬಳ್ಳಾರಿಯ ಲೇತ್ ವರ್ಕ್‌ಶಾಪಿನಲ್ಲಿ ಅಂಥದೇ ನಾಲಿಗೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಿಕೊಡಬಲ್ಲ ಕೈಗಳಿವೆ. ಆದರೆ ಯಾವ ಲೋಹ, ಯಾವ ನಕ್ಷೆ, ಯಾರ ತಪಾಸಣೆ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಎಂಜಿನಿಯರ್ ಸಹಿ ಹಾಕುವುದಿಲ್ಲ, ಹಾಕಲೂಬಾರದು. 2023ರಲ್ಲಿ ಲಂಡನ್ನಿನ ಒಂದು ಕಂಪನಿ ಎಂಜಿನ್ ಬಿಡಿಭಾಗಗಳನ್ನು ಸುಳ್ಳು ದಾಖಲೆಯೊಂದಿಗೆ ಮಾರಿದ್ದು ಬಯಲಾದಾಗ ಹಲವು ದೇಶಗಳ ವಿಮಾನಯಾನ ಸಂಸ್ಥೆಗಳು ತಮ್ಮ ಎಂಜಿನ್‌ಗಳನ್ನು ತಪಾಸಣೆಗೆ ಒಡ್ಡಬೇಕಾಯಿತು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. 1958ರಲ್ಲಿ ಬಂದದ್ದು 90 ಅಶ್ವಶಕ್ತಿಯ ಪುಷ್ಪಕ್. ಸುಮಾರು 160 ಪುಷ್ಪಕ್‌ಗಳು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿಗೆ ಹಾರಲು ಕಲಿಸಿದವು. 1972ರಲ್ಲಿ ಹೊಲಗಳಿಗೆ ಔಷಧಿ ಸಿಂಪಡಿಸಲೆಂದೇ ಬಸಂತ್ ಸಿದ್ಧವಾಯಿತು. ಬೆಳೆಯ ತಲೆ ಸವರುವಂತೆ ಹಾರಿ, ಹೊಲದಂಚಿನಲ್ಲಿ ಸರಕ್ಕನೆ ತಿರುಗಬೇಕಾದ ಇಂಥ ವಿಮಾನಕ್ಕೆ ಸ್ಟಾಲ್‌ಗಿಂತ ದೊಡ್ಡ ಶತ್ರು ಇಲ್ಲ. ತಯಾರಾದದ್ದು 39 ಮಾತ್ರ. ಸಿರುಗುಪ್ಪ, ಕುರುಗೋಡಿನ ಭತ್ತ, ಮೆಣಸಿನಕಾಯಿ ಹೊಲಗಳ ಮೇಲೆ ಈಗ ಆ ಕೆಲಸಕ್ಕೆ ಡ್ರೋನ್‌ಗಳು ಬರತೊಡಗಿವೆ.

ಈ ಮೂರೂ ವಿಮಾನಗಳ ತಯಾರಿಕೆ ನಿಂತು ದಶಕಗಳಾದವು. ಪುಷ್ಪಕ್ ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಆಧರಿಸಿದ್ದು. ಏರೋಂಕಾ ಕಂಪನಿ ಲಘು ವಿಮಾನ ತಯಾರಿಕೆ ಬಿಟ್ಟದ್ದು 1951ರಲ್ಲೇ. ಇಂಥ ಅನಾಥ ವಿಮಾನಗಳನ್ನು ಮತ್ತೆ ಹಾರಿಸಬೇಕೆಂದರೆ ಮೂಲ ನಕ್ಷೆಗಳೇ ಆಸ್ತಿ. ಅವನ್ನು ಜೋಪಾನವಾಗಿ ಕಾಪಾಡಬೇಕು, ಕೇಳಿದವರಿಗೆ ಸಿಗುವಂತೆಯೂ ಇರಬೇಕು. ನಮ್ಮ ವಾಯುಪಡೆಯ ಪಾರಂಪರಿಕ ಟೈಗರ್ ಮಾತ್ 2012ರಲ್ಲಿ, ಡಕೋಟಾ 2018ರಲ್ಲಿ ಮರಳಿ ಹಾರಿದ್ದು ಬ್ರಿಟನ್ನಿನಲ್ಲಿ ದುರಸ್ತಿಯಾದ ಮೇಲೆ. ಆ ವಿದ್ಯೆ ಬೆಂಗಳೂರಿನಲ್ಲೂ ಬೇರೂರಬೇಕು.

ಅಮೆರಿಕ ಒಂದು ದಾರಿ ತೋರಿಸಿದೆ. ಅಲ್ಲಿ ಮಾಲೀಕರು ಸ್ವತಃ ತೊಡಗಿಕೊಂಡು, ನಕ್ಷೆಯಂತೆ, ತಮ್ಮ ವಿಮಾನಕ್ಕಷ್ಟೇ ಬಿಡಿಭಾಗ ಮಾಡಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. 1980ಕ್ಕೆ ಮೊದಲು ಅನುಮೋದನೆ ಪಡೆದ ಸಣ್ಣ ವಿಮಾನಗಳಿಗೆ, ಕೆಟ್ಟರೂ ವಿಮಾನ ಸುರಕ್ಷಿತವಾಗಿ ಇಳಿಯಬಲ್ಲಂಥ ಭಾಗಗಳ ಮಟ್ಟಿಗೆ, ಬದಲಿ ಭಾಗ ಬಳಸುವ ಸರಳ ವ್ಯವಸ್ಥೆಯನ್ನು 2022ರಲ್ಲಿ ಘೋಷಿಸಲಾಯಿತು.

ಭಾಗ ಸಿಕ್ಕಿ, ಕಾಗದ ಸರಿಯಿದ್ದರೂ ಕೆಲಸ ಉಳಿದಿರುತ್ತದೆ. ನಾಲಿಗೆ ಕೂರುವ ತಗಡಿನ ಸ್ಕ್ರೂ ತೂತುಗಳು ಉದ್ದಕ್ಕಿರುತ್ತವೆ. ಸ್ವಲ್ಪ ಮೇಲೆ ಅಥವಾ ಕೆಳಗೆ ಜರುಗಿದರೂ ಹಾರ್ನ್ ಕೂಗುವ ವೇಗ ಬದಲಾಗುತ್ತದೆ. ಹಾಗಾಗಿ ಅನುಭವಿ ಮೆಕ್ಯಾನಿಕ್‌ಗಳು ಹಳೆಯದನ್ನು ಬಿಚ್ಚುವ ಮೊದಲೇ ಅದರ ಜಾಗವನ್ನು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಪೈಲಟ್ ಸುರಕ್ಷಿತ ಎತ್ತರಕ್ಕೇರಿ, ಎಂಜಿನ್ ವೇಗ ಇಳಿಸಿ, ಮೂತಿಯನ್ನು ನಿಧಾನಕ್ಕೆ ಎತ್ತುತ್ತಾರೆ. ಹಾರ್ನ್ ಕೂಗಿದ್ದು ಯಾವ ವೇಗಕ್ಕೆ, ರೆಕ್ಕೆ ಸೋತದ್ದು ಯಾವ ವೇಗಕ್ಕೆ ಎಂದು ಬರೆದುಕೊಳ್ಳುತ್ತಾರೆ. ಅಂತರ ಕೈಪಿಡಿಯ ಲೆಕ್ಕಕ್ಕೆ ಹೊಂದದಿದ್ದರೆ ಇಳಿದು, ಸ್ಕ್ರೂ ಸಡಿಲಿಸಿ, ನಾಲಿಗೆಯನ್ನು ತುಸು ಸರಿಸಿ ಮತ್ತೆ ಹಾರಬೇಕು. ಹೊಂದಿದ ದಿನವೇ ಲಾಗ್‌ಬುಕ್ಕಿನಲ್ಲಿ ಆ ಪಾರ್ಟ್ ನಂಬರ್ ದಾಖಲಾಗಿ, ಎಂಜಿನಿಯರ್ ಸಹಿ ಬೀಳುತ್ತದೆ.