ಇಂದಿರಾಪುರಂ ಬಾಲ್ಕನಿಯಲ್ಲಿ ಬಾಳೆ: ಕುಂಡ ಬದಲಿಸುವ ಬಗೆ

ಬಾಳೆಯ ಕಾಂಡದಂತೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳು. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಬೇರು, ಸುಳಿ, ಕಂದು ಎಲ್ಲ ಹೊರಡುವುದು ಅಲ್ಲಿಂದಲೇ. ಗೆಡ್ಡೆ ಚೆನ್ನಾಗಿದ್ದರೆ ಮೇಲಿನ ಎಲೆ ಹೋದರೂ ಗಿಡ ಮತ್ತೆ ಚಿಗುರುತ್ತದೆ.

ಗಾಜಿಯಾಬಾದಿನ ಇಂದಿರಾಪುರಂನಲ್ಲಿ ಜನವರಿಯ ರಾತ್ರಿ ಉಷ್ಣಾಂಶ 4–5 ಡಿಗ್ರಿಗೆ ಇಳಿಯುವುದುಂಟು. ಮೇ–ಜೂನ್‌ನಲ್ಲಿ 44 ಮುಟ್ಟುವುದೂ ಉಂಟು. ಬಾಳೆಗೆ ಹಿತವಾದದ್ದು 25ರಿಂದ 30. ಸುಮಾರು 14ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಂತಂತೆಯೇ. ಕರ್ನಾಟಕದ ಊರಲ್ಲಿ ವರ್ಷವಿಡೀ ಎಲೆ ಬಿಡುವ ಗಿಡ ಇಲ್ಲಿ ಚಳಿಗಾಲದಲ್ಲಿ ಸುಮ್ಮನಿರುತ್ತದೆ. ಕೆಲಸಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ಯಾವ ಬಾಳೆ?

ಏಲಕ್ಕಿ ಬಾಳೆ ಹತ್ತಡಿ ದಾಟುತ್ತದೆ, ಫ್ಲ್ಯಾಟಿನ ಬಾಲ್ಕನಿಗೆ ಹೊಂದುವುದಿಲ್ಲ. ಐದಾರು ಅಡಿಗೆ ನಿಲ್ಲುವ ಕುಳ್ಳ ಜಾತಿಯ ಪಚ್ಚಬಾಳೆ ವಾಸಿ. ರಜೆಗೆ ಹೋದಾಗ ಊರಿನ ಕಂದು ತರುವ ಆಸೆ ಸಹಜ. ಆದರೆ ಗೆಡ್ಡೆ ಕೊರೆಯುವ ಹುಳುವೂ ನಂಜನಗೂಡು ರಸಬಾಳೆಯನ್ನು ಅಪರೂಪವಾಗಿಸಿದ ಪನಾಮ ಸೊರಗು ರೋಗವೂ ಕಂದು, ಮಣ್ಣಿನ ಜೊತೆಗೇ ಬರುತ್ತವೆ. ಅಂಗಾಂಶ ಕೃಷಿಯ ಸಸಿಯಲ್ಲಿ ಆ ಭಯ ಕಡಿಮೆ.

ಯಾವಾಗ, ಹೇಗೆ?

ಕುಂಡ ಬದಲಿಸಲು ಶಿವರಾತ್ರಿ ಮತ್ತು ಯುಗಾದಿಯ ನಡುವಿನ ದಿನಗಳೇ ಸರಿ. ಚಳಿ ಹಿಂದಾಗಿರುತ್ತದೆ, ಬಿಸಿಗಾಳಿ ಇನ್ನೂ ಬಂದಿರುವುದಿಲ್ಲ. ತಪ್ಪಿದರೆ ಜುಲೈ ಮಳೆಯವರೆಗೆ ಕಾಯಿರಿ. ತಳದ ತೂತಿನಿಂದ ಬೇರು ಇಣುಕುವುದು, ಹಾಕಿದ ನೀರು ಇಂಗದೆ ಅಂಚಿನಿಂದ ಇಳಿದುಹೋಗುವುದು, ಕಂದುಗಳು ಕುಂಡದ ಗೋಡೆಗೆ ಒತ್ತುವುದು: ಇವು ಜಾಗ ಸಾಲದೆಂಬ ಗುರುತು.

ಹಿಂದಿನ ದಿನ ನೀರು ಹಾಕಿ, ಕುಂಡವನ್ನು ಮಗ್ಗುಲಿಗೆ ಮಲಗಿಸಿ ಗಿಡವನ್ನು ಜಾರಿಸಿ. ಸುತ್ತಿಕೊಂಡ ಬೇರನ್ನು ಬಿಡಿಸಿ, ಕಪ್ಪಾಗಿ ಕೊಳೆತದ್ದನ್ನು ಕತ್ತರಿಸಿ. ಅಗಲ ಎಲೆಯ ನೀರು ಕಂದು ತೆಗೆದುಬಿಡಿ. ಕತ್ತಿಯಂತೆ ಕಿರಿದಾದ ಎಲೆಯ ಕಂದು ಒಂದನ್ನು ಮಾತ್ರ ಉಳಿಸಿ. ಒಂದು ಕುಂಡಕ್ಕೆ ಒಂದು ತಾಯಿ, ಒಂದು ಮರಿ ಸಾಕು. ಬೇರುಸಹಿತ ತೆಗೆದ ಕತ್ತಿ ಕಂದು ಬೇರೆ ಕುಂಡದಲ್ಲಿ ಬದುಕುತ್ತದೆ.

ಹಳೆಯದಕ್ಕಿಂತ ನಾಲ್ಕು ಇಂಚು ಹೆಚ್ಚು ಅಗಲದ ಕುಂಡ ಸಾಕು. ಕೊನೆಯ ಅಳತೆ 18–20 ಇಂಚು. ಇಲ್ಲಿನ ನದಿಬಯಲಿನ ನುಣ್ಣನೆ ಮಣ್ಣು ಕುಂಡದಲ್ಲಿ ಗಟ್ಟಿಯಾಗುತ್ತದೆ. ಮಣ್ಣು ನಾಲ್ಕು ಪಾಲು, ಕೊಟ್ಟಿಗೆ ಗೊಬ್ಬರ ಮೂರು, ತೆಂಗಿನ ನಾರಿನ ಪುಡಿ ಎರಡು, ದಪ್ಪ ಮರಳು ಒಂದು ಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ನರ್ಸರಿಯಲ್ಲಿ ‘ಗೋಬರ್ ಖಾದ್’, ‘ನೀಮ್ ಖಲಿ’ ಎಂದು ಕೇಳಿ. ಗೆಡ್ಡೆ ಮೊದಲಿದ್ದ ಆಳದಲ್ಲೇ ಇರಲಿ. ಒಂದು ವಾರ ನೆರಳು. ನೀರುಂಡ ದೊಡ್ಡ ಕುಂಡ 80 ಕಿಲೋ ಮೀರಬಹುದು. ಕಟಕಟೆಯ ಅಂಚು ಬಿಟ್ಟು ಮನೆಯ ಗೋಡೆಯ ಬದಿಗಿಡಿ.

ನೀರು, ಗೊಬ್ಬರ

ಬೇಸಿಗೆಯಲ್ಲಿ ದಿನವೂ, ಬಿಸಿಗಾಳಿ ಹೊಡೆತಕ್ಕೆ ಎರಡು ಹೊತ್ತೂ ನೀರು ಬೇಕು. ಮಧ್ಯಾಹ್ನ ಎಲೆಯ ಎರಡು ಬದಿಗಳು ಕೆಳಗೆ ಬಾಗಿದರೆ ಗಾಬರಿ ಬೇಡ, ನೀರು ಉಳಿಸಿಕೊಳ್ಳುವ ಉಪಾಯ ಅದು. ಸಂಜೆಗೂ ಬಿಚ್ಚಿಕೊಳ್ಳದಿದ್ದರೆ ಬಾಯಾರಿಕೆ. ಗಡಸು ನೀರಿನಿಂದ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದರೆ, ತಿಂಗಳಿಗೊಮ್ಮೆ ತಳದಿಂದ ಚೆನ್ನಾಗಿ ಹರಿಯುವಷ್ಟು ನೀರು ಹಾಯಿಸಿ.

ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಎರೆಗೊಬ್ಬರ, ಜೊತೆಗೆ ಸ್ವಲ್ಪ ಪೊಟ್ಯಾಷ್ ಕೊಡಿ. ಹಳೆಯ ಎಲೆಯ ಅಂಚು ಹಳದಿಯಾಗಿ ಸುಟ್ಟರೆ ಪೊಟ್ಯಾಷ್ ಕೊರತೆ. ಹೊಸ ಎಲೆ ಬಿಳಿಚಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ.

ಚಳಿಗಾಲ

ನವೆಂಬರ್‌ನಿಂದ ಗೊಬ್ಬರ ನಿಲ್ಲಿಸಿ. ಮೇಲ್ಮಣ್ಣು ಎರಡಿಂಚು ಒಣಗಿದ ಮೇಲೆ ಮಾತ್ರ ನೀರು. ಮಂಜಿನ ದಿನಗಳಲ್ಲಿ ಗೆಡ್ಡೆ ಕೊಳೆಯಲು ಅತಿ ನೀರೇ ಕಾರಣ. ಕುಂಡಕ್ಕೆ ಗೋಣಿಚೀಲ ಸುತ್ತಿ, ದಕ್ಷಿಣದ ಬಿಸಿಲು ಬೀಳುವ ಗೋಡೆಗೆ ಒತ್ತಿಡಿ. ಕಂದಿದ ಎಲೆಗಳನ್ನು ಫೆಬ್ರವರಿಯವರೆಗೆ ಕೊಯ್ಯಬೇಡಿ, ಸುಳಿಗೆ ಅವೇ ಹೊದಿಕೆ.

ಎಲೆಗೋ, ಗೊನೆಗೋ?

ಬೆಚ್ಚಗಿನ ದಿನಗಳಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದು ಎಲೆ ಬರುತ್ತದೆ. ಮೂವತ್ತರಿಂದ ನಲವತ್ತು ಎಲೆ ಬಿಟ್ಟ ಮೇಲಷ್ಟೇ ಗೊನೆ. ಚಳಿಯ ಬಿಡುವು ಸೇರಿ ಅದು ಎರಡನೆಯ ವರ್ಷದ ಮಾತು. ಡಿಸೆಂಬರ್ ಚಳಿಗೆ ಸಿಕ್ಕಿದ ಹೂ ಕತ್ತಿನಲ್ಲೇ ಸಿಕ್ಕಿಕೊಳ್ಳಬಹುದು. ಗೊನೆ ಬೇಕಿದ್ದರೆ ಎಂಟಾದರೂ ಹಸಿರೆಲೆ ಗಿಡದಲ್ಲಿರಬೇಕು. ವರಮಹಾಲಕ್ಷ್ಮಿಗೂ ಗೌರಿ–ಗಣೇಶ ಹಬ್ಬಕ್ಕೂ ಎಲೆ ಕೊಯ್ಯುವ ಮನೆಯಲ್ಲಿ ಇದು ನಡೆಯದು. ಎರಡೂ ಬೇಕೆನ್ನುವವರು ಎರಡು ಕುಂಡ ಇಡುವುದೇ ಸರಿ.